ಅಡಾಪ್ಟಿವ್ ನ್ಯೂರೋಟೆಕ್ನಾಲಜಿಯಲ್ಲಿ ಪ್ರಾಧ್ಯಾಪಕರಾಗಲು ತಯಾರಿ ಹೇಗಿರಬೇಕು?

ಇ.ಸಿ.ಯಲ್ಲಿ (ಎಲೆಕ್ಟ್ರಾನಿಕ್ಸ್) ಬಿ.ಇ. ಆಗಿದೆ, ನರಮಂಡಲದ ಸಂಕೇತಗಳನ್ನು ಅಳೆದು ಅದಕ್ಕೆ ತಕ್ಕಂತೆ ಕೂಡಲೇ ಪ್ರತಿಕ್ರಿಯಿಸುವ ಸಾಧನಗಳ ಈ ಕ್ಷೇತ್ರದಲ್ಲಿ ಸಂಶೋಧನೆ, ಪಾಠ ಎರಡೂ ಮಾಡಬೇಕು, ಇನ್ನೊಂದು ಮಷೀನ್ ಲರ್ನಿಂಗ್ ಸರ್ಟಿಫಿಕೇಟ್ ಮಾಡಲೇ ಎಂದು ಕೇಳಿದ್ದೀರಿ. ಬೇಡ ಅಂತಲೇ ಹೇಳುತ್ತೇನೆ. ಆ ಮೂರು ತಿಂಗಳಲ್ಲಿ ಒಂದು ಕ್ಲೋಸ್ಡ್ ಲೂಪ್ ವ್ಯವಸ್ಥೆ (ದೇಹದ ಸಂಕೇತವನ್ನು ಅಳೆದು, ಫಲಿತಾಂಶವನ್ನು ಕೂಡಲೇ ಆ ವ್ಯಕ್ತಿಗೇ ತಿರುಗಿಸಿ ಕೊಡುವಂಥದ್ದು) ಕಟ್ಟಿ, ಅದರ ವಿಳಂಬವನ್ನು ಅಳೆಯಿರಿ.

ಈ ಕ್ಷೇತ್ರದ ಜೀವ ಇರುವುದೇ ಆ ಲೂಪಿನಲ್ಲಿ. ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ನರವಿಜ್ಞಾನಿ ಜೊನಾಥನ್ ವೊಲ್ಪಾ ಬೆಳೆಸಿದ ಎಚ್-ರಿಫ್ಲೆಕ್ಸ್ ತರಬೇತಿ ನೋಡಿ. ಮೊಣಕಾಲಿನ ಹಿಂದಿನ ನರಕ್ಕೆ ಸಣ್ಣ ವಿದ್ಯುತ್ ಪಲ್ಸ್ ಕೊಟ್ಟರೆ 30–40 ಮಿಲಿಸೆಕೆಂಡಿನೊಳಗೆ ಮೀನಖಂಡದ ಸ್ನಾಯು ತಾನಾಗಿ ಮಿಡಿಯುತ್ತದೆ, ಇದೇ ಎಚ್-ರಿಫ್ಲೆಕ್ಸ್. ಅದು ಎಷ್ಟು ದೊಡ್ಡದಿತ್ತೆಂದು ಪ್ರತಿ ಸಲವೂ ಆ ವ್ಯಕ್ತಿಗೆ ಪರದೆಯಲ್ಲಿ ತೋರಿಸುತ್ತಾರೆ, ಅದನ್ನು ಹಿಗ್ಗಿಸಲು ಅಥವಾ ಕುಗ್ಗಿಸಲು ಅವರು ಯತ್ನಿಸುತ್ತಾರೆ. ವಾರಕ್ಕೆ ಮೂರು ಸಲದಂತೆ ಹಲವು ವಾರ ನಡೆಸಿದರೆ, ಬಹಳಷ್ಟು ಜನರಲ್ಲಿ ರಿಫ್ಲೆಕ್ಸೇ ಬದಲಾಗುತ್ತದೆ. ಬೆನ್ನುಹುರಿಗೆ ಪೆಟ್ಟಾದ ಕೆಲವರ ನಡಿಗೆ ಇದರಿಂದ ಸುಧಾರಿಸಿದೆ.

ಶುರುವಿಗೆ ಬಿಸಿಐ (ಮಿದುಳು-ಕಂಪ್ಯೂಟರ್ ಸಂಪರ್ಕ) ಕಾಂಪಿಟಿಷನ್ 4ರ 2ಎ ಡೇಟಾ ಉಚಿತವಾಗಿ ಸಿಗುತ್ತದೆ: 9 ಜನ, ತಲೆಯ ಮೇಲಿಂದ ಮಿದುಳಿನ ಅಲೆ ಅಳೆಯುವ 22 ಇಇಜಿ ಎಲೆಕ್ಟ್ರೋಡ್, ಬೇರೆ ಬೇರೆ ಎರಡು ದಿನ. ನಿಮ್ಮ ಪ್ರೋಗ್ರಾಮಿಗೆ ಮೊದಲ ದಿನದ್ದರಲ್ಲಿ ಕಲಿಸಿ, ಎರಡನೇ ದಿನದ್ದರಲ್ಲಿ ಪರೀಕ್ಷಿಸಿ. ಹೆಚ್ಚಿನವರು ಎಡವುವುದು ಎರಡು ಕಡೆ. ಸಿಎಸ್‌ಪಿ ಫಿಲ್ಟರನ್ನು (ಎಲೆಕ್ಟ್ರೋಡ್‌ಗಳನ್ನು ಬೆರೆಸಿ ಎರಡು ಬಗೆಯ ಸಂಕೇತಗಳ ವ್ಯತ್ಯಾಸ ಎತ್ತಿ ತೋರಿಸುವ ವಿಧಾನ) ಪೂರ್ತಿ ಡೇಟಾದ ಮೇಲೆ ಲೆಕ್ಕ ಹಾಕಿ ಆಮೇಲೆ ಕ್ರಾಸ್-ವ್ಯಾಲಿಡೇಷನ್ (ಡೇಟಾ ಹಂಚಿ, ಒಂದು ಭಾಗದಲ್ಲಿ ಕಲಿಸಿ ಉಳಿದದ್ದರಲ್ಲಿ ಪರೀಕ್ಷಿಸುವುದು) ಮಾಡುತ್ತಾರೆ. ಉತ್ತರಪತ್ರಿಕೆ ಆಗಲೇ ಸೋರಿಹೋಗಿರುತ್ತದೆ. ಇನ್ನೊಂದು, ಸಂಕೇತವನ್ನು ಹಿಂದಕ್ಕೂ ಮುಂದಕ್ಕೂ ಸೋಸುವ ಫಿಲ್ಟ್‌ಫಿಲ್ಟ್ ಎಂಬ ಫಂಕ್ಷನ್ನಿನ ಬಳಕೆ. ಅದು ಮುಂದೆ ಬರುವ ಸ್ಯಾಂಪಲ್‌ಗಳನ್ನೂ ನೋಡುತ್ತದೆ, ಹಾಗಾಗಿ ನೇರ ಪ್ರಯೋಗದಲ್ಲಿ ಅಂಥ ಫಿಲ್ಟರ್ ಸಾಧ್ಯವೇ ಇಲ್ಲ.

ನಂತರ ಹಾರ್ಡ್‌ವೇರ್. ಇಇಜಿ ದಾಖಲಿಸುವ ಓಪನ್‌ಬಿಸಿಐ ಸೈಟನ್ ಬೋರ್ಡ್ ಸಾಕು: 8 ಚಾನೆಲ್, 24 ಬಿಟ್, 250 ಹರ್ಟ್ಸ್. ಪರದೆಯ ಮೂಲೆಯಲ್ಲಿ ಬಿಳಿಯಾಗುವ ಚೌಕ ಇಟ್ಟು, ಅದಕ್ಕೆ ಫೋಟೋಡಯೋಡ್ (ಬೆಳಕನ್ನು ಗುರುತಿಸುವ ಬಿಡಿಭಾಗ) ಅಂಟಿಸಿ, ಅದರ ತಂತಿಯನ್ನು ಒಂದು ಚಾನೆಲ್‌ಗೆ ಕೊಡಿ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) 24ರಲ್ಲಿ 187.5 ಮಿಲಿವೋಲ್ಟ್ ದಾಟಿದರೆ ಸಿಗ್ನಲ್ ಚಪ್ಪಟೆಯಾಗುತ್ತದೆ, ಆದ್ದರಿಂದ ವೋಲ್ಟೇಜ್ ತಗ್ಗಿಸುವ ಡಿವೈಡರ್ ಹಾಕಿ. ತಲೆಗೆ ಎಲೆಕ್ಟ್ರೋಡ್ ಇರುವಾಗ ಬೋರ್ಡ್, ಡಯೋಡ್, ಲ್ಯಾಪ್‌ಟಾಪ್ ಎಲ್ಲವೂ ಬ್ಯಾಟರಿಯಲ್ಲೇ ಇರಲಿ. ಇದರಲ್ಲಿ ರಾಜಿ ಬೇಡ. ಚೌಕ ಬಿಳಿಯಾಯಿತೆಂದು ಸಾಫ್ಟ್‌ವೇರ್ ಹಾಕುವ ಗುರುತಿಗೂ (ಮಾರ್ಕರ್) ನಿಜವಾದ ಬೆಳಕಿಗೂ ಇರುವ ಅಂತರವನ್ನು ಕೆಲವು ನೂರು ಸಲ ಅಳೆದು ಹಿಸ್ಟೋಗ್ರಾಂ ಹಾಕಿ. ಸರಾಸರಿಯನ್ನು ಕಳೆದು ಸರಿಮಾಡಬಹುದು, ಏರಿಳಿತವನ್ನು ಹಾಗೆ ಕಳೆಯಲಾಗದು. ಅದು ಜಾಸ್ತಿ ಕಂಡರೆ ಯುಎಸ್‌ಬಿ ಡ್ರೈವರಿನ ಲೇಟೆನ್ಸಿ ಟೈಮರ್ ನೋಡಿ, ಸಾಮಾನ್ಯವಾಗಿ 16 ಮಿಲಿಸೆಕೆಂಡಿನಲ್ಲಿರುತ್ತದೆ, 1ಕ್ಕೆ ಇಳಿಸಿ.

ಮನುಷ್ಯರ ಮೇಲಿನ ಪ್ರಯೋಗವನ್ನು ಪ್ರಕಟಿಸುವ ಯೋಚನೆಯಿದ್ದರೆ ಎಥಿಕ್ಸ್ ಸಮಿತಿಯ ಒಪ್ಪಿಗೆ ಮೊದಲೇ ಬೇಕು, ರೆಕಾರ್ಡ್ ಮಾಡಿದ ಮೇಲೆ ಅಲ್ಲ.

ಪಿಎಚ್‌ಡಿಗೆ ಇಲ್ಲಿ ಗೇಟ್ ಅಥವಾ ನೆಟ್-ಜೆಆರ್‌ಎಫ್ ದಾರಿ. ಬೆಂಗಳೂರಿನ ಐಐಎಸ್‌ಸಿಯ ನ್ಯೂರೋಸೈನ್ಸ್ ಕೇಂದ್ರ, ನಿಮ್ಹಾನ್ಸ್ ಎರಡನ್ನೂ ನೋಡಿ. 2023ರಿಂದ ಜೆಆರ್‌ಎಫ್ ಸಂಶೋಧನಾ ವೇತನ ತಿಂಗಳಿಗೆ 37,000 ರೂಪಾಯಿ. ಪಿಎಚ್‌ಡಿ ನಂತರದ ಸಂಶೋಧನೆಗೆ (ಪೋಸ್ಟ್‌ಡಾಕ್) ಅಮೆರಿಕಕ್ಕೆ ಹೋದರೆ, ಅಲ್ಲಿನ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಪ್ರಾಧ್ಯಾಪಕರಾಗಲು ಹೊರಟವರಿಗೆ ಕೊಡುವ ಕೆ99 ಅನುದಾನ ನೆನಪಿರಲಿ. ಅದಕ್ಕೆ ಅಲ್ಲಿನ ಪೌರತ್ವ ಬೇಕಿಲ್ಲ, ಆದರೆ ಪೋಸ್ಟ್‌ಡಾಕ್ ಅನುಭವ 4 ವರ್ಷ ಮೀರಿರಬಾರದು. ಎರಡನೇ ವರ್ಷದಲ್ಲೇ ಬರೆಯಲು ಕೂತರೆ ಒಂದು ಸಲ ತಿರಸ್ಕೃತವಾದರೂ ಮತ್ತೆ ಹಾಕಲು ಸಮಯವಿರುತ್ತದೆ.

ಪ್ರಾಧ್ಯಾಪಕ ಹುದ್ದೆಯ ಅರ್ಜಿಯಲ್ಲಿ ಪಾಠದ ಬಗ್ಗೆ ಹೇಳಿಕೆ ಕೇಳಿದಾಗ ಆದರ್ಶಗಳನ್ನು ಬರೆಯಬೇಡಿ. ಮೂರು ಗಂಟೆಯ ಒಂದು ಲ್ಯಾಬ್ ತರಗತಿಯ ಯೋಜನೆ ಕೊಡಿ, ಅದರಲ್ಲಿ ಎಲೆಕ್ಟ್ರೋಡ್ ಕೂರಿಸುವುದಕ್ಕೇ ಮೊದಲ ಒಂದು ಗಂಟೆ ಮೀಸಲಿಡಿ.