ಸಾಲದ ಬೆಲೆ ಇಳಿದರೆ ಸಾಲ ಇಳಿದಂತೆಯೇ?

ಪ್ರಶ್ನೆ: ನನ್ನ ಬಳಿ ಒಂದು ಸಿಮೆಂಟ್ ಕಂಪನಿಯ ಷೇರುಗಳಿವೆ. 2023ರ ಮಾರ್ಚ್ ಅಂತ್ಯದ ವಾರ್ಷಿಕ ವರದಿಯ ಟಿಪ್ಪಣಿಯಲ್ಲಿ ಡಿಬೆಂಚರ್ ಸಾಲದ ಪುಸ್ತಕ ಮೌಲ್ಯ 100 ಕೋಟಿ, ಪಕ್ಕದ ಕಾಲಮ್ಮಿನಲ್ಲಿ ಫೇರ್ ವ್ಯಾಲ್ಯೂ 95.03 ಕೋಟಿ ಎಂದಿದೆ. ಹಾಗಾದರೆ ಐದು ಕೋಟಿ ಸಾಲ ಕರಗಿತೇ? ಲಾಭ-ನಷ್ಟದ ಪಟ್ಟಿಯಲ್ಲಿ ಅದು ಎಲ್ಲೂ ಕಾಣುತ್ತಿಲ್ಲವಲ್ಲ?
– ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ಒಂದು ಪೈಸೆಯೂ ಕರಗಿಲ್ಲ ಮೇಷ್ಟ್ರೇ. ಅವಧಿ ಮುಗಿದ ದಿನ ಕಂಪನಿ ಪೂರಾ 100 ಕೋಟಿ ಎಣಿಸಿಕೊಡಲೇಬೇಕು.

ಫೇರ್ ವ್ಯಾಲ್ಯೂ ಎಂದರೆ ಆ ಸಾಲಕ್ಕೆ ಇಂದು ಮಾರುಕಟ್ಟೆಯಲ್ಲಿ ಸಿಗಬಹುದಾದ ಬೆಲೆ. 95.03 ಎಲ್ಲಿಂದ ಬಂತು ನೋಡಿ. ಡಿಬೆಂಚರ್ (ಹೂಡಿಕೆದಾರರಿಂದ ಸಾಲ ಪಡೆದು ಕಂಪನಿ ಕೊಡುವ ಸಾಲಪತ್ರ) ಬಡ್ಡಿ ಶೇ 8, ಇನ್ನು ಮೂರು ವರ್ಷ ಬಾಕಿ ಎಂದಿಟ್ಟುಕೊಳ್ಳಿ. 2022ರ ಮೇ ಆರಂಭದಲ್ಲಿ ಶೇ 4 ಇದ್ದ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿ) ರಿಸರ್ವ್ ಬ್ಯಾಂಕ್ 2023ರ ಫೆಬ್ರುವರಿ ಹೊತ್ತಿಗೆ ಶೇ 6.5ಕ್ಕೆ ಏರಿಸಿತು. ಈಗ ಅಂಥದ್ದೇ ಸಾಲಪತ್ರಕ್ಕೆ ಹೂಡಿಕೆದಾರರು ಶೇ 10 ಕೇಳುತ್ತಿದ್ದಾರೆ ಎನ್ನೋಣ. ಮೂರು ವರ್ಷಗಳಲ್ಲಿ ಬರಲಿರುವ 8, 8, 108 ಕೋಟಿಗಳನ್ನು (ಕೊನೆಯದು ಬಡ್ಡಿ ಮತ್ತು ಅಸಲು ಸೇರಿ) ಶೇ 10ರ ಲೆಕ್ಕದಲ್ಲಿ ಇಂದಿನ ಬೆಲೆಗೆ ಇಳಿಸಿದರೆ 7.27, 6.61, 81.14. ಕೂಡಿದರೆ ಸುಮಾರು 95.03. ದರ ಶೇ 6ಕ್ಕೆ ಇಳಿದಿದ್ದರೆ ಇದೇ ಸಾಲ 105.35 ಕೋಟಿ ಎಂದು ಕಾಣುತ್ತಿತ್ತು.

ಆ ಐದು ಕೋಟಿಯನ್ನು ಗಳಿಸಿಕೊಳ್ಳಬೇಕೆಂದರೆ ಕಂಪನಿ ತನ್ನ ಡಿಬೆಂಚರ್‌ಗಳನ್ನು ಮಾರುಕಟ್ಟೆಯಲ್ಲಿ ಕೊಂಡು ತೀರಿಸಬೇಕು. ಅದಕ್ಕೆ ಹಣ? ಮತ್ತೆ ಸಾಲ ಎತ್ತಿದರೆ ಬಡ್ಡಿ ಶೇ 10! ಹೀಗಾಗಿ ಸಾಮಾನ್ಯ ಸಾಲವನ್ನು ಬ್ಯಾಲೆನ್ಸ್ ಶೀಟಿನಲ್ಲಿ ಪುಸ್ತಕ ಮೌಲ್ಯದಲ್ಲೇ ಇಡುತ್ತಾರೆ. ಫೇರ್ ವ್ಯಾಲ್ಯೂವನ್ನು ಟಿಪ್ಪಣಿಯಲ್ಲಿ ತೋರಿಸಬೇಕೆನ್ನುವುದು ಇಂಡ್ ಎಎಸ್ (ಭಾರತದ ಲೆಕ್ಕಪತ್ರ ಮಾನದಂಡ) 107, ಅಳೆಯುವ ಬಗೆ ಹೇಳುವುದು ಇಂಡ್ ಎಎಸ್ 113. ಲಾಭ-ನಷ್ಟದ ಪಟ್ಟಿಯಲ್ಲಿ ನಿಮಗೆ ಕಾಣದಿದ್ದುದು ಇದಕ್ಕೇ.

ನನಗೆ ನಿಜಕ್ಕೂ ಕಳವಳ ಇರುವುದು ಇನ್ನೊಂದು ಕಡೆ. ಮಾರುಕಟ್ಟೆ ದರ ಏರಿದರಷ್ಟೇ ಅಲ್ಲ, ಕಂಪನಿಯ ಮೇಲಿನ ನಂಬಿಕೆ ಕುಸಿದರೂ ಈ ಅಂಕಿ ಇಳಿಯುತ್ತದೆ. ರೇಟಿಂಗ್ (ಸಾಲ ತೀರಿಸುವ ಸಾಮರ್ಥ್ಯಕ್ಕೆ ಕೊಡುವ ದರ್ಜೆ) ಬಿದ್ದು ಹೂಡಿಕೆದಾರರು ಶೇ 12 ಕೇಳಿದರೆ ಫೇರ್ ವ್ಯಾಲ್ಯೂ 90.39 ಕೋಟಿ. ಕಂಪನಿಯ ಸ್ಥಿತಿ ಕೆಟ್ಟಷ್ಟೂ ಅದರ ಸಾಲ ಚಿಕ್ಕದಾಗಿ ಕಾಣುತ್ತದೆ! ಕೆಲವು ಕಂಪನಿಗಳು ಕೆಲವು ಸಾಲಗಳನ್ನು ಫೇರ್ ವ್ಯಾಲ್ಯೂನಲ್ಲೇ ಇಡಲು ಆರಿಸಿಕೊಳ್ಳುವುದುಂಟು. ಆಗಲೂ ಸಾಲಗಾರನಾಗಿ ತನ್ನ ಮೇಲಿನ ನಂಬಿಕೆ ಕುಸಿದಿದ್ದರಿಂದ ಬಂದ ಇಳಿಕೆಯನ್ನು ಸಾಮಾನ್ಯವಾಗಿ ಲಾಭಕ್ಕೆ ಸೇರಿಸಿಕೊಳ್ಳಲು ಇಂಡ್ ಎಎಸ್ 109 ಬಿಡುವುದಿಲ್ಲ. ಅದು ಲಾಭದಿಂದ ಹೊರಗೆ ಬೇರೆಯಾಗಿ ತೋರಿಸುವ ‘ಇತರ ಸಮಗ್ರ ಆದಾಯ’ಕ್ಕೆ ಹೋಗುತ್ತದೆ. ಒಳ್ಳೆಯ ನಿಯಮ ಅದು.

ಆದ್ದರಿಂದ ಆ ಐದು ಕೋಟಿ ಯಾಕೆ ಇಳಿಯಿತು ಎಂದು ಹುಡುಕಿ. ಅದೇ ವರ್ಷ ರೇಟಿಂಗ್ ಏನಾಯಿತು ಎಂಬುದು ನಿರ್ದೇಶಕರ ವರದಿ ಅಥವಾ ಕಾರ್ಪೊರೇಟ್ ಆಡಳಿತದ ವರದಿಯಲ್ಲಿ ಸಿಗುತ್ತದೆ. ರೇಟಿಂಗ್ ಕದಲದಿದ್ದರೆ ಇಳಿಕೆಗೆ ಬಹುಮಟ್ಟಿಗೆ ಬಡ್ಡಿ ದರವೇ ಕಾರಣ, ಗಾಬರಿ ಬೇಡ. ಜೊತೆಗೆ ಟಿಪ್ಪಣಿಯಲ್ಲಿ ಆ ಫೇರ್ ವ್ಯಾಲ್ಯೂ ಅಂಕಿಗೆ ಲೆವೆಲ್ 1, 2 ಅಥವಾ 3 ಎಂದಿರುತ್ತದೆ. ಒಂದು ಎಂದರೆ ಚುರುಕಾಗಿ ವಹಿವಾಟಾಗುವ ಮಾರುಕಟ್ಟೆಯಲ್ಲಿ ಕಂಡ ಬೆಲೆ. ಎರಡು, ಮಾರುಕಟ್ಟೆಯ ಬಡ್ಡಿ ದರದಂಥ ಅಂಕಿಗಳಿಂದ ಕಟ್ಟಿದ ಲೆಕ್ಕ. ಮೂರು ಇದ್ದರೆ ಅದರಲ್ಲಿ ಕಂಪನಿಯ ಸ್ವಂತ ಅಂದಾಜಿನ ಪಾಲು ದೊಡ್ಡದು, ಅಲ್ಲಿ ನಿಧಾನಿಸಿ ಓದಿ.

ರೆಪೊ ಜೊತೆ ಏರಿಳಿಯುವ ಬಡ್ಡಿಯ ಬ್ಯಾಂಕ್ ಸಾಲದಲ್ಲಿ ಎರಡೂ ಅಂಕಿ ಹೆಚ್ಚುಕಡಿಮೆ ಒಂದೇ ಇರುತ್ತವೆ. ಅಲ್ಲಿ ದೊಡ್ಡ ಅಂತರ ಕಂಡರೆ ಮಾತ್ರ ಕಂಪನಿ ಕಾರ್ಯದರ್ಶಿಗೆ ಪತ್ರ ಬರೆದು ಕಾರಣ ಕೇಳಿ.