ಸೀಮಂತಕ್ಕೆ ಮೊದಲೇ ಬಂದ ಉಡುಗೊರೆ ಪಟ್ಟಿ

(ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಲಾಗಿದೆ.)

ಸಲಹೆಗೆ ಬಂದದ್ದು ಇಪ್ಪತ್ತೆಂಟರ ಹೆಣ್ಣುಮಗಳು. ಚೊಚ್ಚಲ ಬಸುರಿ, ಆರು ತಿಂಗಳು ತುಂಬುತ್ತಿತ್ತು. ಬೆಂಗಳೂರಿನಲ್ಲಿ ಕೆಲಸ, ಗಂಡನ ಮನೆ ಸೋಮವಾರಪೇಟೆ ಕಡೆಯ ಕಾಫಿ ತೋಟ. ಜನವರಿಯಲ್ಲಿ, ಏಳನೇ ತಿಂಗಳಿಗೆ, ತೋಟದ ಮನೆಯಲ್ಲಿ ಸೀಮಂತ. ಮಾರನೇ ದಿನ ಮಡಿಕೇರಿ ಹತ್ತಿರದ ಹೋಮ್‌ಸ್ಟೇಯಲ್ಲಿ ಗೆಳತಿಯರು ಮಾಡುವ ಬೇಬಿ ಶವರ್. ಹತ್ತು ದಿನದಿಂದ ನಿದ್ದೆ ಸರಿಯಿಲ್ಲ, ಗಂಡನ ಜೊತೆ ಮಾತೆತ್ತಿದರೆ ಜಗಳ.

ಜಗಳಕ್ಕೆ ಕಾರಣ ಒಂದು ಪಟ್ಟಿ. ಗೆಳತಿಯರು ಆನ್‌ಲೈನ್ ಅಂಗಡಿಯೊಂದರಲ್ಲಿ ಮಗುವಿಗೆ ಬೇಕಾದ 23 ಸಾಮಾನು ಆರಿಸಿದ್ದರು. ಮೊದಲ ಸಾಲಲ್ಲೇ 14,000 ರೂಪಾಯಿಯ ತಳ್ಳುಗಾಡಿ. ಗಂಡ ಹಿಂದೆಮುಂದೆ ನೋಡದೆ ಅದನ್ನು ಅರವತ್ತು ಮಂದಿ ಇರುವ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟರು. ಅಂದೇ ರಾತ್ರಿ ಚಿಕ್ಕಮ್ಮನಿಂದ ಒಂದು ಧ್ವನಿ ಸಂದೇಶ ಬಂತು: "ನಮ್ಮ ಕೈಲಿ ಇಷ್ಟೆಲ್ಲ ಆಗೋದಿಲ್ಲಪ್ಪ, ನಾವು ಬರಲಿಕ್ಕೆ ನಾಚಿಕೆ." ಎರಡು ತಿಂಗಳಿಂದ ಅವರು ಹಳೇ ಹತ್ತಿ ಸೀರೆಯನ್ನು ನಾಲ್ಕು ಪದರ ಮಡಚಿ, ಅಂಚಿಗೆ ಕೆಂಪು ದಾರ ಹಾಕಿ, ಮಗುವಿಗೆ ಹಾಸು ಹೊಲಿಯುತ್ತಿದ್ದರು. ಗಂಡನ ಅಕ್ಕ ಏನೂ ಹೇಳದೆ ಗುಂಪು ಬಿಟ್ಟರು. ಅವರಿಗೆ ಎರಡು ಸಲ ಗರ್ಭ ಕಳೆದುಹೋಗಿತ್ತು. ಅದೇ ಹೊತ್ತಿಗೆ ಅತ್ತೆ, "ಅವಳು ಆರತಿಗೆ ನಿಲ್ಲೋದು ಬೇಡ" ಅಂದದ್ದು ಅವರ ಕಿವಿಗೂ ಬಿದ್ದಿತ್ತು.

ಪಟ್ಟಿ ಮಾಡುವುದೇ ತಪ್ಪೇ ಎಂಬುದು ಸೊಸೆಯ ಪ್ರಶ್ನೆ. ತಪ್ಪಲ್ಲ. ಉಡುಗೊರೆ ಪಟ್ಟಿಯ ಪದ್ಧತಿಯನ್ನು 1924ರಲ್ಲಿ ಷಿಕಾಗೊದ ಮಾರ್ಷಲ್ ಫೀಲ್ಡ್ಸ್ ಅಂಗಡಿ ಮದುವೆಗಳಿಗಾಗಿ ಶುರುಮಾಡಿತು. ಪಟ್ಟಿ ಇರುತ್ತಿದ್ದದ್ದು ಅಂಗಡಿಯಲ್ಲಿ. ಬೇಕಾದವರು ಹೋಗಿ ಕೇಳಬೇಕಿತ್ತು. ಉಡುಗೊರೆ ಕೇಳಿದಂತಾಗಬಾರದೆಂದು ಬೇಬಿ ಶವರನ್ನು ಮನೆಯವರು ಮಾಡದೆ ಗೆಳತಿಯರು ಮಾಡುವುದೇ ಅಮೆರಿಕದ ಹಳೆಯ ರೂಢಿ. ಅಂದರೆ ಆ ಪದ್ಧತಿ ಹುಟ್ಟಿದ ಕಡೆಯಲ್ಲೂ ಪಟ್ಟಿಯನ್ನು ಕೇಳಿದವರಿಗೆ ಮಾತ್ರ ಕೊಡುತ್ತಿದ್ದರು. ನಮ್ಮಲ್ಲಿ ಲೆಕ್ಕ ಬೇರೆ: ಮುಯ್ಯಿ. ಯಾರು ಏನು ಹಾಕಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಕಾರ್ಯಕ್ಕೆ ತಿರುಗಿ ಹಾಕುವುದು. ಕೊಡುವವರ ಶಕ್ತಿಯನ್ನು ಕೊಡುವವರೇ ತೀರ್ಮಾನಿಸುತ್ತಾರೆ. ಅಂಥವರ ಮುಂದೆ ಬೆಲೆ ಬರೆದ ಪಟ್ಟಿ ಇಟ್ಟರೆ ಅದು ವಸೂಲಿಯಂತೆ ಕಾಣುತ್ತದೆ.

ಇನ್ನೊಂದು ವಿಷಯ ಈ ದಂಪತಿಗೆ ಹೊಳೆದೇ ಇರಲಿಲ್ಲ. ಸೀಮಂತದಲ್ಲಿ ಕೊಡುವುದೆಲ್ಲ ಬಸುರಿಗೆ: ಹಸಿರು ಬಳೆ, ಸೀರೆ, ಹೂವು, ಬಯಕೆಯ ತಿಂಡಿ, ಮಡಿಲಿಗೆ ಅಕ್ಕಿ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ. ಮಗುವಿನ ಸಾಮಾನು ಬರುವುದು ತೊಟ್ಟಿಲು ಶಾಸ್ತ್ರಕ್ಕೆ. ಹುಟ್ಟುವ ಮೊದಲು ಮಗುವಿನ ಬಟ್ಟೆ ಮನೆಗೆ ತರಬಾರದೆಂಬ ನಂಬಿಕೆ ಎಷ್ಟೋ ಮನೆಗಳಲ್ಲಿದೆ. ಅದರ ಹಿಂದಿರುವುದು ಹೊಟ್ಟೆಯ ಕೂಸು ಕಳೆದುಕೊಂಡವರ ನೋವು. ವಾದ ಮಾಡಿ ಗೆಲ್ಲುವ ವಿಷಯವಲ್ಲ. ಹಾಗಾಗಿ ಕೊಟ್ಟ ಮುಖ್ಯ ಸಲಹೆ ಇದು: ಪಟ್ಟಿಯನ್ನು ಹರಿದು ಹಾಕಬೇಡಿ, ತೊಟ್ಟಿಲು ಶಾಸ್ತ್ರಕ್ಕೆ ತಳ್ಳಿ. ಇದರಲ್ಲಿ ಬೇರೆ ಅನುಕೂಲವೂ ಇದೆ. ಆನ್‌ಲೈನ್‌ನಲ್ಲಿ ತರಿಸಿದ್ದನ್ನು ಬದಲಿಸಿಕೊಳ್ಳಲು ಸಾಮಾನ್ಯವಾಗಿ ಕೆಲವೇ ದಿನ ಇರುತ್ತದೆ. ಜನವರಿಯಲ್ಲಿ ಬಂದ ಅಂಗಿ ಏಪ್ರಿಲ್‌ನಲ್ಲಿ ಹುಟ್ಟಿದ ಕೂಸಿಗೆ ಆಗದಿದ್ದರೆ ಅದು ಬೀರುವಿನಲ್ಲೇ ಉಳಿಯುತ್ತದೆ.

ಮೊದಲು ಆಗಬೇಕಾದದ್ದು ಗಾಯಕ್ಕೆ ಮದ್ದು. ಗುಂಪಿಗೆ ಹಾಕಿದವರು ಗಂಡ, ಸರಿಪಡಿಸಬೇಕಾದವರೂ ಅವರೇ. ಹೆಂಡತಿಯ ಕೈಯಲ್ಲಿ ಕ್ಷಮೆ ಕೇಳಿಸಿದರೆ "ಸೊಸೆಯದ್ದೇ ಕೆಲಸ" ಎಂಬ ಮಾತು ಗಟ್ಟಿಯಾಗುತ್ತದೆ. ಚಿಕ್ಕಮ್ಮನ ಮನೆಗೆ ಖುದ್ದು ಹೋಗಿ ಹೇಳಲಿಕ್ಕೆ ಮೂರು ವಾಕ್ಯ ಬರೆದುಕೊಟ್ಟೆವು: "ಚಿಕ್ಕಮ್ಮ, ಅದು ಗೆಳತಿಯರು ಮಾಡಿಕೊಂಡ ಪಟ್ಟಿ. ಮನೆಯವರ ಗುಂಪಿಗೆ ಹಾಕಿದ್ದು ನನ್ನ ತಪ್ಪು. ನೀವು ಹೊಲೀತಿರೋ ಹಾಸಲ್ಲೇ ಕೂಸನ್ನ ಮಲಗಿಸ್ತೇವೆ." ಇದರ ಹಿಂದೆ "ಆದರೆ" ಅಂತ ಒಂದೂ ಮಾತು ಸೇರಿಸಕೂಡದು. ಗುಂಪಿಗೆ ಎರಡೇ ಸಾಲು: ಸೀಮಂತಕ್ಕೆ ನಿಮ್ಮ ಆಶೀರ್ವಾದ ಸಾಕು, ಆ ಪಟ್ಟಿಯನ್ನು ಗಮನಿಸಬೇಡಿ.

ಆಮೇಲೆ ಪಟ್ಟಿಯನ್ನೇ ಕೂತು ನೋಡಿದೆವು. ತಳ್ಳುಗಾಡಿ ತೋಟದ ಏರಿಳಿತದ ಮಣ್ಣು ದಾರಿಯಲ್ಲಿ ಉರುಳುವುದಿಲ್ಲ, ತೆಗೆದೆವು. ವಾಕರ್ ಬೇಡವೇ ಬೇಡ: ಕೂಸು ಮೆಟ್ಟಿಲಿಂದ ಉರುಳುವುದು, ಒಲೆಯ ಹತ್ತಿರಕ್ಕೆ ಹೋಗುವುದು ಅದರಿಂದಲೇ. ಕೆನಡಾ 2004ರಲ್ಲೇ ಅದನ್ನು ನಿಷೇಧಿಸಿದೆ. ಮೆತ್ತನೆಯ ದಿಂಬು, ತೊಟ್ಟಿಲಿನ ಸುತ್ತ ಕಟ್ಟುವ ಮೆತ್ತೆ ಉಸಿರುಗಟ್ಟಿಸಬಹುದು. ಒಂದು ವರ್ಷದವರೆಗೆ ಬೇಡ. ಹಾಲಿನ ಪುಡಿ, ಬಾಟಲಿ ಯಾರೂ ಉಡುಗೊರೆ ಕೊಡುವಂಥದ್ದಲ್ಲ, ಮೊದಲ ಆರು ತಿಂಗಳು ಎದೆಹಾಲು ಮಾತ್ರ. ಬೇಕಾದರೆ ವೈದ್ಯರು ಹೇಳುತ್ತಾರೆ.

ಉಳಿಸಿಕೊಂಡದ್ದು ಮಳೆಗಾಲದ ಲೆಕ್ಕದಲ್ಲಿ. ಏಪ್ರಿಲ್ ಮಧ್ಯದಲ್ಲಿ ಹೆರಿಗೆ. ತವರಿನಲ್ಲಿ ಬಾಣಂತನ ಮುಗಿಸಿ ಜುಲೈಯಲ್ಲಿ ತೋಟಕ್ಕೆ ಬರುವಾಗ ಕೂಸಿಗೆ ಮೂರು ತಿಂಗಳು. ಕೊಡಗಿನಲ್ಲಿ ಆಗ ಜಡಿಮಳೆ, ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಹಾಗಾಗಿ ಹತ್ತಿ ಲಂಗೋಟಿ 30, ಒಳಗೆ ಒಣಹಾಕುವ ಸ್ಟ್ಯಾಂಡ್ ಒಂದು, 3ರಿಂದ 6 ಮತ್ತು 6ರಿಂದ 12 ತಿಂಗಳ ಅಳತೆಯ ತುಂಬುತೋಳಿನ ಹತ್ತಿ ಅಂಗಿ, ಸೊಳ್ಳೆಪರದೆ. ಹುಟ್ಟಿದ ಕೂಸಿನ ಅಳತೆಯದ್ದನ್ನು ಎಲ್ಲರೂ ತರುತ್ತಾರೆ, ಕೆಲವೇ ವಾರಕ್ಕೆ ಬಿಗಿಯಾಗುತ್ತದೆ. 23 ಇದ್ದದ್ದು ಒಂಬತ್ತಕ್ಕೆ ಇಳಿಯಿತು. ದುಬಾರಿ ವಸ್ತು ಒಂದೇ, ಮರದ ತೊಟ್ಟಿಲು, ಅದು ಗೆಳತಿಯರೆಲ್ಲ ಸೇರಿ ಕೊಡುವುದು. ಈ ಪಟ್ಟಿ ಒಬ್ಬ ಗೆಳತಿಯ ಹತ್ತಿರ ಮಾತ್ರ ಇರಬೇಕು, ಕೇಳಿದವರಿಗೆ ಅವಳು ಹೇಳಬೇಕು.

ಚಿಕ್ಕಮ್ಮ ಜೇನೂ ತೆಗೆದಿಟ್ಟಿದ್ದರು, ಹುಟ್ಟಿದ ಕೂಸಿನ ನಾಲಿಗೆಗೆ ಮುಟ್ಟಿಸಲಿಕ್ಕೆ. ಕೊಡಗಿನಲ್ಲಿ ಜೇನು ಪ್ರೀತಿಯ ಉಡುಗೊರೆ. ಬೇಡ ಅನ್ನುವುದು ಕಷ್ಟ. ಆದರೆ ಒಂದು ವರ್ಷ ತುಂಬದ ಮಗುವಿಗೆ ಒಂದು ಹನಿಯೂ ಕೂಡದು. ಜೇನಿನಲ್ಲಿ ಬಾಟುಲಿಸಮ್ ರೋಗಾಣುವಿನ ಬೀಜಕಣ ಇರಬಹುದು, ಮನೆಯಲ್ಲಿ ಕುದಿಸಿದರೂ ಅದು ಸಾಯುವುದಿಲ್ಲ, ಕೂಸಿನ ಕರುಳಲ್ಲಿ ಮೊಳೆತು ವಿಷವಾಗುತ್ತದೆ. ಎರಡೂ ಕೈಯಲ್ಲಿ ತೆಗೆದುಕೊಂಡು "ಬಾಣಂತನಕ್ಕೆ ನಾನೇ ತಿನ್ನುತ್ತೇನೆ ಚಿಕ್ಕಮ್ಮ, ಕೂಸಿಗೆ ವರ್ಷ ತುಂಬಲಿ ಅಂದಿದ್ದಾರೆ ಡಾಕ್ಟ್ರು" ಅನ್ನಲು ಹೇಳಿದೆವು. ತವರಿನಲ್ಲಿ ನೋಡಿಕೊಳ್ಳುವವರಿಗೂ ಇದನ್ನು ಮೊದಲೇ ಹೇಳಿರಬೇಕು.

ಹೋಮ್‌ಸ್ಟೇಯಲ್ಲಿ 'ಗಂಡೋ ಹೆಣ್ಣೋ' ಆಟ, ನೀಲಿ-ಗುಲಾಬಿ ಕೇಕ್ ಎಂದಿತ್ತು. ಭ್ರೂಣಲಿಂಗ ತಿಳಿಸುವುದು 1994ರ ಕಾಯ್ದೆಯಡಿ ಅಪರಾಧ, ಹಾಗಾಗಿ ಇಲ್ಲಿ ಊಹೆ ಬಿಟ್ಟು ಬೇರೇನೂ ಸಾಧ್ಯವಿಲ್ಲ. ಊಹೆಯ ಆಟವೂ ಬಸುರಿಯ ಎದುರು ಗಂಡುಮಗುವಿನ ಆಸೆಯನ್ನೇ ಕೂಗಿ ಹೇಳಿಸುತ್ತದೆ. ಬಿಡಿಸಿದೆವು.

ಗಂಡನ ಅಕ್ಕನ ವಿಷಯಕ್ಕೆ ಹೆಚ್ಚು ಹೊತ್ತು ಬೇಕಾಯಿತು. ಅತ್ತೆಯನ್ನು ಬೇರೆಯಾಗಿ ಕೂರಿಸಿ ಕೇಳಿದಾಗ ಹೊರಬಂದದ್ದು ಕೆಟ್ಟ ಮನಸ್ಸಲ್ಲ, ದೃಷ್ಟಿಯ ಭಯ. ಜೊತೆಗೆ ಜನರೆದುರು ಮಗಳು ಅತ್ತುಬಿಟ್ಟಾಳೆಂಬ ಭಯ. ಮಗಳ ಪರವಾಗಿ ತಾಯಿ ತೀರ್ಮಾನ ಮಾಡಿದ್ದೇ ತಪ್ಪಾಗಿತ್ತು. ಮಗು ಕಳೆದುಕೊಂಡವರನ್ನು ಕರೆಯದೆ ಬಿಡಬಾರದು, ಬನ್ನಿ ಬನ್ನಿ ಎಂದು ಎಳೆಯಲೂಬಾರದು. ಕಾರ್ಡು ಕಳಿಸುವ ಮೊದಲು ತಮ್ಮನೇ ಫೋನ್ ಮಾಡಿ ಮೂರು ದಾರಿ ಹೇಳಬೇಕು: ಆರತಿಗೆ ಬಾ, ಊಟಕ್ಕೆ ಮಾತ್ರ ಬಾ, ಬಾರದಿದ್ದರೂ ನನಗೆ ಬೇಜಾರಿಲ್ಲ. ಕಾರಣ ಕೇಳಬಾರದು, ಉತ್ತರಕ್ಕೆ ವಾರ ಕೊಡಬೇಕು. "ನಿನಗೂ ಬೇಗ ಆಗ್ಲಿ" ಎಂಬ ಹಾರೈಕೆಯನ್ನು ಆ ದಿನ ಯಾರ ಬಾಯಲ್ಲೂ ಬಾರದಂತೆ ಅತ್ತೆ ನೋಡಿಕೊಳ್ಳುತ್ತೇನೆ ಎಂದರು.

ಮುಯ್ಯಿ ಪುಸ್ತಕ ಇರಲಿ, ಆದರೆ ಮೊತ್ತವನ್ನು ಕೂಗಿ ಓದುವುದು ಬೇಡವೆಂದು ಮಾವ ಒಪ್ಪಿದರು. ಮೇಜಿನ ಮೇಲೆ ಕ್ಯೂಆರ್ ಕೋಡ್ ಇಡುವ ಯೋಚನೆಯೂ ನಿಂತಿತು.

ನಿದ್ದೆಯ ಬಗ್ಗೆ ಬೇರೆಯಾಗಿ ಹೇಳಿದ್ದು: ಬೇಸರ, ಅಳು, ನಿದ್ದೆಗೇಡು ಎರಡು ವಾರ ದಾಟಿದರೆ ಬಸುರಿ ತಪಾಸಣೆಯ ವೈದ್ಯರಿಗೆ ತಿಳಿಸಿ, ರಾತ್ರಿ ಹೊತ್ತು ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅಷ್ಟು ದೂರ ಹೋಗಲಿಲ್ಲ. ಚಿಕ್ಕಮ್ಮನ ಮನೆಗೆ ಹೋಗಿಬಂದ ವಾರದಲ್ಲೇ ನಿದ್ದೆ ಹತ್ತಿತು.

ಅಕ್ಕ ಸೀಮಂತದ ದಿನ ಬರಲಿಲ್ಲ. ಹಿಂದಿನ ಸಂಜೆ, ಮನೆಯವರಷ್ಟೇ ಇದ್ದಾಗ ಬಂದು, ತಮ್ಮನ ಹೆಂಡತಿಯ ಎರಡೂ ಕೈಗೆ ಹಸಿರು ಬಳೆ ತೊಡಿಸಿ, ಊಟ ಮಾಡಿಕೊಂಡು ಹೋದರು. ತೊಟ್ಟಿಲು ಶಾಸ್ತ್ರಕ್ಕೆ ಬರುವುದೋ ಬೇಡವೋ ಎಂಬುದನ್ನು ಆಗಲೇ ಕೇಳಬೇಡಿ ಎಂದು ಹೇಳಿದ್ದೇವೆ.