ಕೈಗವಸು ಆಮೇಲೆ ಕೊಳ್ಳಿ, ಮೊದಲು ಬ್ಲೇಡ್ ಬಿಚ್ಚಿ ನೋಡಿ

ಹುಲ್ಲು ಕತ್ತರಿಸುವ ಯಂತ್ರ ಹಿಡಿದು ಎರಡು ತಾಸು ಹುಲ್ಲು ಹೊಡೆದರೆ ರಾತ್ರಿ ಊಟದವರೆಗೂ ಕೈಯ ಜೋಮು ಬಿಡುವುದಿಲ್ಲ ಎಂದಿದ್ದೀರಿ. ಕಂಪನ ತಡೆಯುವ ಕೈಗವಸಿನಲ್ಲಿ ಜೆಲ್ ಇರುವುದು ಒಳ್ಳೆಯದೋ ಗಾಳಿಚೀಲ ಇರುವುದೋ, ಎರಡು ಸಾವಿರದೊಳಗೆ ಯಾವುದು ಸಿಗುತ್ತದೆ ಎಂದು ಕೇಳಿದ್ದೀರಿ. ನಾನು ಜೆಲ್ ಇರುವುದನ್ನು ಕೊಂಡೆ. ಎರಡು ಸಾವಿರದ ಮುನ್ನೂರು ರೂಪಾಯಿ ಕೊಟ್ಟೆ. ಇವತ್ತಿಗೂ ನನ್ನ ಬಲಗೈಯ ಕೊನೆಯ ಎರಡು ಬೆರಳುಗಳಿಗೆ ಅಂಗಿಯ ಗುಂಡಿ ಯಾವುದು, ಬಟ್ಟೆ ಯಾವುದು ಎಂದು ತಿಳಿಯುವುದಿಲ್ಲ.

ನಮ್ಮದು ತೀರ್ಥಹಳ್ಳಿ ಕಡೆ. ಎರಡೂವರೆ ಎಕರೆ ಅಡಿಕೆ ತೋಟ, ಅದರ ಮೇಲೆ ಧರೆ (ಮಣ್ಣಿನ ಕಡಿದಾದ ಅಂಚು), ಆಚೆ ಒಂದಿಷ್ಟು ಬ್ಯಾಣ (ಹುಲ್ಲುಗಾವಲು). ಕತ್ತಿ ಹಿಡಿದು ಹುಲ್ಲು ಕೊಯ್ಯುವವರು ಸಿಗದ ಕಾಲ ಬಂದಾಗ, 2018ರಲ್ಲಿ, ಹೆಗಲಿಗೆ ಬೆಲ್ಟ್ ಹಾಕಿ ಪಕ್ಕಕ್ಕೆ ಹಿಡಿಯುವ ಪೆಟ್ರೋಲ್ ಕಟರ್ ತಂದೆ. ಎರಡು ವರ್ಷ ಯಾವ ತಕರಾರೂ ಇರಲಿಲ್ಲ. ಮೂರನೆಯ ಮಳೆಗಾಲದಲ್ಲಿ ಬಸಿಗಾಲುವೆಯ ಅಂಚಿನ ಹುಲ್ಲಿನೊಳಗೆ ಅಡಗಿದ್ದ ಕರಿಕಲ್ಲಿಗೆ ಬ್ಲೇಡ್ ಬಡಿಯಿತು. ಠಣ್ ಎಂಬ ಸದ್ದು, ಮುಖದ ಪಕ್ಕದಲ್ಲೇ ಏನೋ ಹಾರಿಹೋದ ಹಾಗಾಯಿತು. ಯಂತ್ರ ನಿಲ್ಲಿಸಿ ನೋಡಿದರೆ ಮೂರು ಮೂಲೆಯ ಬ್ಲೇಡಿನ ಒಂದು ಮೂಲೆ ತುದಿ ಕಳೆದುಕೊಂಡಿತ್ತು.

ನನ್ನ ತಪ್ಪು ಇಲ್ಲಿದೆ. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಹೊಸ ಬ್ಲೇಡಿಗೆ ಆಗ ಮುನ್ನೂರೈವತ್ತು ರೂಪಾಯಿ. ಆದರೆ ಪೇಟೆ ಹದಿನೆಂಟು ಕಿಲೋಮೀಟರ್ ದೂರ, ಮಳೆ ಬೇರೆ. ಮನೆಯಲ್ಲಿ ಗ್ರೈಂಡರ್ ಇತ್ತು. ಮುರಿದ ಮೂಲೆಯನ್ನು ಅದಕ್ಕೆ ಹಿಡಿದು ಹೊಸ ಅಂಚು ಮಾಡಿದೆ. ಚೂಪು ಬಂತು, ಉದ್ದ ಬರಲಿಲ್ಲ. ಉಳಿದೆರಡು ಮೂಲೆಗಳು ಇದ್ದ ಹಾಗೆಯೇ ಇದ್ದವು. ಅವನ್ನೂ ಅಷ್ಟೇ ಸವೆಸಬೇಕಿತ್ತು ಎಂದು ನನಗೆ ಹೊಳೆಯಲಿಲ್ಲ. ಒಳ್ಳೆಯ ಉಕ್ಕನ್ನು ಯಾಕೆ ಹಾಳು ಮಾಡುವುದು ಎಂಬ ಲೆಕ್ಕ ನನ್ನದು. ಯಂತ್ರ ಹಚ್ಚಿದಾಗ ಹಿಡಿ ಮೊದಲಿಗಿಂತ ಹೆಚ್ಚು ಅದುರಿತು. ಅದು ಕೈಗೆ ಗೊತ್ತಾಯಿತು. ಆದರೆ ಹುಲ್ಲು ಚೆನ್ನಾಗಿಯೇ ಕೊಯ್ಯುತ್ತಿತ್ತು.

ಎರಡು ಮಳೆಗಾಲ ಕಳೆದ ಮೇಲೆ, ಡಿಪ್ಲೊಮಾ ಓದುತ್ತಿದ್ದ ನನ್ನ ಅಕ್ಕನ ಮಗ ಆ ಹಳೆಯ ಬ್ಲೇಡನ್ನೂ ಅದೇ ಅಳತೆಯ ಹೊಸದನ್ನೂ ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದ. ವ್ಯತ್ಯಾಸ ಐದು ಗ್ರಾಂ. ಹೆಚ್ಚುಕಡಿಮೆ ಒಂದು ಎರಡು ರೂಪಾಯಿ ನಾಣ್ಯದ ತೂಕ. ನಾನು ನಕ್ಕೆ. ಅವನು ನಗಲಿಲ್ಲ, ಅಂಗಡಿಯ ಚೀಟಿಯ ಹಿಂಬದಿಯಲ್ಲಿ ಲೆಕ್ಕ ಹಾಕಿದ. ಬ್ಲೇಡಿನ ಅಡ್ಡಳತೆ 255 ಮಿಲಿಮೀಟರ್, ಅಂದರೆ ಕೊರತೆ ಇರುವುದು ನಡುವಿನಿಂದ ಸುಮಾರು 12 ಸೆಂಟಿಮೀಟರ್ ದೂರದಲ್ಲಿ. ಬ್ಲೇಡ್ ನಿಮಿಷಕ್ಕೆ 5,000 ಸುತ್ತು ಸುತ್ತಿದರೆ ಆ ಐದು ಗ್ರಾಂ ಕೊರತೆ, ಬ್ಲೇಡ್ ಕೂತಿರುವ ಉದ್ದನೆಯ ದಂಡವನ್ನು ಸುಮಾರು 17 ಕಿಲೋ ಭಾರದಷ್ಟು ಬಲದಿಂದ ಒಂದು ಪಕ್ಕಕ್ಕೆ ಎಳೆಯುತ್ತದೆ. ಆ ಪಕ್ಕ ಬ್ಲೇಡಿನ ಜೊತೆ ಸುತ್ತುತ್ತಲೇ ಇರುತ್ತದೆ, ಸೆಕೆಂಡಿಗೆ 83 ಸಲ. ಸುತ್ತು ಇಮ್ಮಡಿಯಾದರೆ ಎಳೆತ ನಾಲ್ಕು ಪಟ್ಟು. ಸಿಮೆಂಟ್ ಚೀಲದ ಮೂರರಲ್ಲೊಂದು ಪಾಲಿನಷ್ಟು ತೂಕದ ಯಾರೋ ಒಬ್ಬ ದಂಡದ ತುದಿ ಹಿಡಿದು ಸೆಕೆಂಡಿಗೆ 83 ಸಲ ಅಲ್ಲಾಡಿಸುತ್ತಿದ್ದ, ನಾನು ಅವನನ್ನು ಎರಡು ಕೈಯಿಂದ ಬಿಗಿಯಾಗಿ ಹಿಡಿದುಕೊಂಡಿದ್ದೆ.

ಅದುರು ತಾಳಲಾರದೆ ನಾನು ಮಾಡಿದ್ದು ನೀವು ಈಗ ಮಾಡಲು ಹೊರಟಿರುವುದನ್ನೇ. ಬ್ಲೇಡಿಗೆ ಮುನ್ನೂರೈವತ್ತು ಕೊಡಲು ಹಿಂಜರಿದವನು ಕೈಗವಸಿಗೆ ಎರಡು ಸಾವಿರದ ಮುನ್ನೂರು ಕೊಟ್ಟೆ. ಕಪ್ಪು ಬಣ್ಣ, ಅಂಗೈಯಲ್ಲಿ ಉಬ್ಬುಉಬ್ಬಾದ ಜೆಲ್ ತುಂಡುಗಳು, ಹಾಕಿಕೊಂಡರೆ ಕುಸ್ತಿಗೆ ಹೊರಟವನ ಗತ್ತು. ಮೊದಲ ದಿನ ಅಂಗೈಗೆ ಮೆತ್ತಗೆನಿಸಿದ್ದು ನಿಜ. ಆ ಮೆತ್ತನೆಯನ್ನು ನಂಬಿ ದಿನಕ್ಕೆ ಎರಡು ತಾಸಿದ್ದ ಕೆಲಸವನ್ನು ಐದು ತಾಸು ಮಾಡಿದೆ. ಅಕ್ಕಪಕ್ಕದ ತೋಟಗಳಿಗೂ ಗಂಟೆ ಲೆಕ್ಕದಲ್ಲಿ ಹೋದೆ. ಕೈಗವಸು ಇದೆಯಲ್ಲ! ದಪ್ಪ ಕೈಗವಸಿನೊಳಗೆ ಹಿಡಿ ಸರಿಯಾಗಿ ಸಿಗುವುದಿಲ್ಲ, ಮಳೆಗೆ ನೆನೆದರೆ ಜಾರುತ್ತದೆ. ಹಾಗಾಗಿ ಮೊದಲಿಗಿಂತ ಬಿಗಿಯಾಗಿ ಹಿಡಿಯುತ್ತಿದ್ದೆ. ಬಿಗಿಯಾಗಿ ಹಿಡಿದಷ್ಟೂ ಅದುರು ಕೈಯೊಳಗೆ ಹೆಚ್ಚು ಇಳಿಯುತ್ತದೆ ಎಂದು ಆಗ ಯಾರೂ ಹೇಳಿರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ ಹಾಲು ಹಾಕಿ ಬೈಕಿನಲ್ಲಿ ಮನೆಗೆ ಬಂದೆ. ಜಗಲಿಯಲ್ಲಿ ಕವಳದ ತಟ್ಟೆ ಮುಂದಿಟ್ಟುಕೊಂಡು ಕುಳಿತಿದ್ದ ಅಮ್ಮ ನನ್ನ ಕೈ ನೋಡಿ, "ಬೆರಳಿಗೆಲ್ಲ ಸುಣ್ಣ ಮೆತ್ತಿಕೊಂಡಿದೆ, ತೊಳೆದುಕೊ" ಎಂದರು. ಸುಣ್ಣವಲ್ಲ. ಕಿರುಬೆರಳೂ ಉಂಗುರ ಬೆರಳೂ ಎರಡನೆಯ ಗೆಣ್ಣಿನವರೆಗೆ ಬೆಳ್ಳಗೆ, ಗೆರೆ ಎಳೆದ ಹಾಗೆ ಅಲ್ಲಿಂದ ಕೆಳಗೆ ಮಾಮೂಲಿ ಬಣ್ಣ. ಚಿವುಟಿದರೆ ನೋವಿಲ್ಲ. ಬಚ್ಚಲ ಒಲೆಯ ಮುಂದೆ ಕುಳಿತ ಕಾಲು ಗಂಟೆಗೆ ಅವು ಮೊದಲು ನೀಲಿಯಾಗಿ ಆಮೇಲೆ ಕೆಂಪೇರಿ ಉರಿಯತೊಡಗಿದವು. ಚಳಿಗೆ ಹೀಗಾಗಿದೆ ಎಂದು ಸುಮ್ಮನಾದೆ.

ಸುಮ್ಮನಿರಲಾಗದ ಹಾಗೆ ಮಾಡಿದ್ದು ಅಡಿಕೆ ಸುಲಿಯುವ ಮೆಟ್ಟುಗತ್ತಿ. ಅಡಿಕೆಯ ಕೊನೆ (ಗೊನೆ) ತೆಗೆದು ರಾತ್ರಿ ಎಲ್ಲರೂ ಹಸಿ ಅಡಿಕೆ ಸುಲಿಯುತ್ತಾ ಕುಳಿತಿದ್ದೆವು. ಮೂವತ್ತು ವರ್ಷದಿಂದ ಮಾಡುತ್ತಿರುವ ಕೆಲಸ, ಕಣ್ಣು ಮುಚ್ಚಿಯೂ ಸುಲಿಯಬಲ್ಲೆ. ಪಕ್ಕದಲ್ಲಿದ್ದ ಹೆಂಡತಿ ನನ್ನ ಬುಟ್ಟಿಯನ್ನೇ ನೋಡುತ್ತಾ, "ಇದೇನು, ಬೇಯಿಸುವ ಮೊದಲೇ ಕೆಂಪಾಗಿದೆ?" ಎಂದಳು. ಕಿರುಬೆರಳಿನ ತುದಿ ಸೀಳಿ ರಕ್ತ ಅಡಿಕೆಯ ಮೇಲೆ ಸುರಿಯುತ್ತಿತ್ತು. ಯಾವಾಗ ತಾಗಿತು ಎಂಬುದೇ ನನಗೆ ಗೊತ್ತಿರಲಿಲ್ಲ.

ಶಿವಮೊಗ್ಗದ ವೈದ್ಯರು ಬೆರಳಿಗಿಂತ ಮೊದಲು ಕೇಳಿದ್ದು ಎರಡು ಪ್ರಶ್ನೆ: ಯಾವ ಯಂತ್ರ ಹಿಡಿಯುತ್ತೀರಿ, ಬೀಡಿ ಸಿಗರೇಟು ಇದೆಯೇ. ಎರಡಕ್ಕೂ ಉತ್ತರ ಇತ್ತು. ನರದ ಪರೀಕ್ಷೆ ಮಾಡಿಸಿದರು. ಬೆಳ್ಳಗಾಗುವುದು ಯಂತ್ರ ಬಿಟ್ಟರೆ ಕ್ರಮೇಣ ಕಡಿಮೆಯಾಗಬಹುದು, ಸತ್ತ ಸ್ಪರ್ಶ ಪೂರ್ತಿ ಮರಳುವ ಭರವಸೆ ಇಟ್ಟುಕೊಳ್ಳಬೇಡಿ ಎಂದರು. ಹಾಗೆಯೇ ಆಗಿದೆ. ಯಂತ್ರದ ಅದುರಿನಿಂದ ಬರುವ ಈ ಕಾಯಿಲೆ ಹೊಸದೂ ಅಲ್ಲ. 1918ರಲ್ಲಿ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಅಮೆರಿಕದ ಇಂಡಿಯಾನಾ ರಾಜ್ಯದ ಬೆಡ್‌ಫರ್ಡ್‌ನಲ್ಲಿ ಗಾಳಿಯ ಒತ್ತಡದ ಸುತ್ತಿಗೆ ಹಿಡಿದು ಕಲ್ಲು ಕೆತ್ತುತ್ತಿದ್ದವರ ಕೈಯಲ್ಲಿ ಇದನ್ನೇ ನೋಡಿ ಬರೆದಿದ್ದಾರೆ: ಚಳಿಯ ಬೆಳಿಗ್ಗೆ ಬೆಳ್ಳಗಾಗುವ ಬೆರಳುಗಳು. ಅವರು ಕೆತ್ತುತ್ತಿದ್ದುದು ಸುಣ್ಣಕಲ್ಲು. ಅಮ್ಮನ ಮಾತು ನೆನಪಾಯಿತು.

ಈಗ ನಿಮ್ಮ ಪ್ರಶ್ನೆ. ಜೆಲ್ಲೋ ಗಾಳಿಯೋ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಕಂಪನ ನಿರೋಧಕ ಎಂದು ಬರೆದುಕೊಳ್ಳಲು ಕೈಗವಸು ಪಾಸಾಗಬೇಕಾದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10819. ಅದರ 2013ರ ಆವೃತ್ತಿಯ ಪ್ರಕಾರ, ಸೆಕೆಂಡಿಗೆ 25ರಿಂದ 200 ಸಲ ಅದುರುವ ಕಂಪನವನ್ನು ಅಂಗೈಯಲ್ಲಿ ನೂರಕ್ಕೆ 10ರಷ್ಟು ಇಳಿಸಿದರೆ ಸಾಕು. ಅದಕ್ಕಿಂತ ವೇಗದ, 200ರಿಂದ 1,250ರವರೆಗಿನ ಕಂಪನವನ್ನು ನೂರಕ್ಕೆ 40ರಷ್ಟು ಇಳಿಸಬೇಕು. ನಮ್ಮ ಕಟರಿನ ಎಂಜಿನ್ ನಿಮಿಷಕ್ಕೆ 7,000 ಸುತ್ತು ಹೋದರೆ ಸೆಕೆಂಡಿಗೆ 117 ಆಯಿತು. ನನ್ನ ಮುರಿದ ಬ್ಲೇಡಿನದು 83. ಎರಡೂ ಬೀಳುವುದು ಹತ್ತಕ್ಕೆ ಪಾಸು ಮಾಡುವ ಖಾನೆಯಲ್ಲಿ. ಎರಡು ಸಾವಿರ ಕೊಟ್ಟು ನೂರರಲ್ಲಿ ತೊಂಬತ್ತನ್ನು ಕೈಗೆ ಬಿಟ್ಟುಕೊಳ್ಳುವ ವ್ಯಾಪಾರ ಇದು. ಪರೀಕ್ಷೆಯ ಅಳತೆ ಅಂಗೈಯದ್ದು. ಜೋಮು ಹಿಡಿಯುವುದು ಬೆರಳಿಗೆ. ಅಂತರಜಾಲದ ಅಂಗಡಿಗಳಲ್ಲಿ ಸಿಗುವ ಅನೇಕವುಗಳಿಗೆ ಈ 10819 ಎಂಬ ಸಂಖ್ಯೆಯೇ ಇರುವುದಿಲ್ಲ, ಅಂಗೈಗೆ ಮಾತ್ರ ಮೆತ್ತೆ ಇಟ್ಟು ಬೆರಳನ್ನು ಅರ್ಧಕ್ಕೆ ಕತ್ತರಿಸಿಟ್ಟಿರುತ್ತಾರೆ. ಅವು ಸೈಕಲ್ ತುಳಿಯುವವರಿಗೆ ಇರಲಿ. ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಸಂಸ್ಥೆಯೂ ಕೈಯನ್ನು ಬೆಚ್ಚಗಿಡಲು ಕೈಗವಸು ಹಾಕಿ, ಕಂಪನ ತಡೆಯಲು ಅದನ್ನು ನಂಬಬೇಡಿ ಎಂದೇ ಹೇಳುತ್ತದೆ.

ಫಿನ್ಲೆಂಡಿನ ಕಾಡು ಕಡಿಯುವವರಲ್ಲಿ 1972ರಲ್ಲಿ ನೂರಕ್ಕೆ 40 ಮಂದಿಗೆ ಬೆರಳು ಬೆಳ್ಳಗಾಗುವ ಕಾಯಿಲೆ ಇತ್ತು. 1990ರ ಹೊತ್ತಿಗೆ ಅದು 5ಕ್ಕೆ ಇಳಿಯಿತು. ಆ ಅವಧಿಯಲ್ಲಿ ಬದಲಾದದ್ದು ಗರಗಸ. ಅದರ ಅದುರು 14ರಿಂದ 2ಕ್ಕೆ ಇಳಿದಿತ್ತು.

ಈ 14, 2 ಎಂಬ ಅಂಕಿ ನಿಮ್ಮ ಯಂತ್ರಕ್ಕೂ ಇರುತ್ತದೆ. ಒಳ್ಳೆಯ ಕಂಪನಿಯದ್ದಾದರೆ ಕೈಪಿಡಿಯ ಕೊನೆಯ ಪುಟಗಳಲ್ಲಿ 'ಮೀಟರ್ ಪ್ರತಿ ಸೆಕೆಂಡ್ ವರ್ಗ' ಎಂಬ ಮಾನದಲ್ಲಿ ಬರೆದಿರುತ್ತಾರೆ. ಯುರೋಪಿನ 2002ರ ನಿಯಮದಲ್ಲಿ ದಿನದ ಎಂಟು ತಾಸಿಗೆ 2.5 ಬಂದರೆ ಮಾಲೀಕ ಎಚ್ಚರಗೊಳ್ಳಬೇಕು, 5 ದಾಟಲೇಬಾರದು. ಇದನ್ನು ತಾಸಿಗೆ ಇಳಿಸಿದರೆ, ಅಂಕಿ 5 ಇರುವ ಯಂತ್ರವನ್ನು ಎರಡು ತಾಸು ಹಿಡಿದಾಗ ಎಚ್ಚರದ ಗೆರೆ ಬರುತ್ತದೆ. 10 ಇದ್ದರೆ ಅರ್ಧ ತಾಸಿಗೇ ಬರುತ್ತದೆ. ಅದುರು ಇಮ್ಮಡಿಯಾದರೆ ಸಮಯ ಕಾಲು ಭಾಗ. ಕೈಪಿಡಿಯ ಅಂಕಿ ಹೊಸ ಯಂತ್ರದ್ದು ಎಂಬುದನ್ನು ಮರೆಯಬೇಡಿ. ಮೂಲೆ ಮುರಿದ ಬ್ಲೇಡ್ ಹಾಕಿದ ಯಂತ್ರದ ಅಂಕಿಯನ್ನು ಯಾವ ಕಂಪನಿಯೂ ಅಚ್ಚು ಹಾಕುವುದಿಲ್ಲ.

ಹಿಡಿ ಮತ್ತು ದಂಡದ ನಡುವಿನ ರಬ್ಬರ್ ಬುಷ್ ಹರಿದಿದ್ದರೆ ಅದನ್ನೇ ತಂದು ಹಾಕಿ, ಸೈಕಲ್ ಟ್ಯೂಬ್ ಸುತ್ತಿ ಸಮಾಧಾನ ಮಾಡಿಕೊಳ್ಳಬೇಡಿ. ಬೆಲ್ಟನ್ನು ಯಂತ್ರದ ಭಾರ ಪೂರ್ತಿ ಮೈಮೇಲೆ ಕೂರುವ ಹಾಗೆ ಹೊಂದಿಸಿ. ಕೈಯ ಕೆಲಸ ದಿಕ್ಕು ತೋರಿಸುವುದಷ್ಟೇ. ಮೆತ್ತನೆಯ ಹುಲ್ಲಿಗೆ ಪೂರ್ತಿ ಆಕ್ಸಿಲರೇಟರ್ ಒತ್ತುವುದು ಬೇಡ, ನಮ್ಮ ಕಡೆ ಎಲ್ಲರೂ ಒತ್ತುತ್ತಾರೆ, ಸದ್ದು ಜೋರಿದ್ದರೆ ಕೆಲಸ ಜೋರು ಎಂಬ ನಂಬಿಕೆ. ಬ್ಲೇಡ್ ಬಿಟ್ಟು ನೈಲಾನ್ ದಾರ ಹಾಕುವುದಾದರೆ ಎರಡೂ ಕಡೆಯ ದಾರ ಒಂದೇ ಉದ್ದ ಇರಬೇಕು, ಅಲ್ಲಿಯೂ ತೂಕದ್ದೇ ಆಟ. ಇಪ್ಪತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ. ಧೂಮಪಾನ ಇದ್ದರೆ ಬಿಡಿ. ಅದು ಬೆರಳಿನ ರಕ್ತನಾಳವನ್ನು ಚಳಿಯ ಹಾಗೆಯೇ ಹಿಂಡುತ್ತದೆ. ಉಪದೇಶ ಎನಿಸಿದರೆ ಎನಿಸಲಿ.

ಕೈಗವಸು ಬೇಡವೇ ಎಂದರೆ ಬೇಕು. ರಬ್ಬರ್ ಲೇಪನದ ನೂಲಿನ ಕೈಗವಸು, ಪೇಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ನೂರು ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಕೈಗೆ ಕಚ್ಚಿ ಕೂರುವ ಅಳತೆಯದ್ದು ಮೂರು ಜೊತೆ ತನ್ನಿ. ಒಂದು ನೆನೆದ ಕೂಡಲೇ ಕಳಚಿ ಒಣಗಿದ್ದನ್ನು ಹಾಕಿಕೊಳ್ಳಿ. ಕೈ ಬೆಚ್ಚಗೆ, ಒಣಗಿ, ಹಿಡಿತ ಸಡಿಲವಾಗಿ ಇರಬೇಕು. ನಾನು ಈಗ ವಾರಕ್ಕೆ ಎರಡು ದಿನ, ದಿನಕ್ಕೆ ಒಂದು ತಾಸು ಹುಲ್ಲು ಹೊಡೆಯುವುದು ಇದನ್ನೇ ಹಾಕಿಕೊಂಡು. ಉಳಿದದ್ದಕ್ಕೆ ಆಳು ಇಟ್ಟಿದ್ದೇನೆ. ಅವನ ಬ್ಲೇಡನ್ನು ನಾನೇ ನೋಡುತ್ತೇನೆ.

ಚಳಿಯಲ್ಲಿ ಅಥವಾ ತಣ್ಣೀರಿನಲ್ಲಿ ನಿಮ್ಮ ಬೆರಳು ಒಮ್ಮೆಯಾದರೂ ಬೆಳ್ಳಗಾಗಿದ್ದರೆ ಈ ಉತ್ತರವನ್ನೆಲ್ಲ ಬದಿಗಿಟ್ಟು ವೈದ್ಯರ ಹತ್ತಿರ ಹೋಗಿ. ಇಲ್ಲವಾದರೆ ಇವತ್ತು ಸಂಜೆ ಒಂದು ಕೆಲಸ ಮಾಡಿ. ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಟ್ಟು ಬ್ಲೇಡ್ ಬಿಚ್ಚಿ. ಆ ನಟ್ಟು ಸಾಮಾನ್ಯವಾಗಿ ಉಲ್ಟಾ ಥ್ರೆಡ್ಡಿನದು, ಬಲಕ್ಕೆ ತಿರುಗಿಸಿದರೆ ಸಡಿಲವಾಗುತ್ತದೆ. ಎಡಕ್ಕೆ ತಿರುಗಿಸಿ ತಿರುಗಿಸಿ ನಾನು ಒಂದು ಸ್ಪ್ಯಾನರ್ ಹಾಳು ಮಾಡಿದ್ದೇನೆ. ಬ್ಲೇಡಿನ ನಡುವಿನ ತೂತಿಗೆ ತೆಳುವಾದ ಸ್ಕ್ರೂಡ್ರೈವರ್ ತೂರಿಸಿ ಅಡ್ಡಡ್ಡ ಹಿಡಿಯಿರಿ. ಮೆಲ್ಲನೆ ತಿರುಗಿಸಿ ಬಿಡಿ, ನಿಂತ ಮೇಲೆ ಕೆಳಗಿರುವ ಭಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಹೀಗೆ ಐದಾರು ಸಲ ಮಾಡಿ. ಗುರುತು ಹಾಕಿದ ಭಾಗವೇ ಪ್ರತಿ ಸಲ ಕೆಳಗೆ ಬಂದರೆ ಕೈಗವಸಿನ ಆರ್ಡರ್ ರದ್ದು ಮಾಡಿ ಬ್ಲೇಡ್ ತನ್ನಿ. ಹೊಸದನ್ನು ಕೂರಿಸುವಾಗ ಅದರ ತೂತು ವಾಷರಿನ ಉಬ್ಬಿನ ಮೇಲೆ ಸರಿಯಾಗಿ ಕುಳಿತಿದೆಯೇ ಎಂದು ಬೆರಳಾಡಿಸಿ ನೋಡಿ. ನಿಮ್ಮ ಬೆರಳಿಗೆ ಅದು ತಿಳಿಯುತ್ತದೆ.